ಮೂರು ಜನ, ಎರಡು ಕಾಫಿ, ಎರಡು ಗಣಪತಿ

ನಮ್ಮ ಬೀದಿಯ ಗಣೇಶನ ಸಮಿತಿ ಈ ಸಲ ಒಡೆದು ಎರಡಾಗಿದೆ. ಬೀದಿ ಒಂದೇ, ಗಣಪತಿ ಎರಡು. ದರ್ಶಿನಿ ಮುಂದೆ ಮೂರು ಜನ ಎರಡು ಕಾಫಿ ಹಂಚಿಕೊಂಡು ಇದನ್ನೇ ಮಾತಾಡುತ್ತಿದ್ದೆವು.

"ಯಾರು ಯಾವ ಕಡೆ ಹೋಗ್ತಾರೆ ಅಂತ ಮೊದಲೇ ಹೇಳಬಹುದಿತ್ತು" ಎಂದ ಮಂಜ. ಅವನದು ಡೇಟಾ ಕೆಲಸ. ಹಾಲು ಉಕ್ಕಿದರೆ ಒಲೆ ಆರಿಸುವ ಮೊದಲು ಗ್ರಾಫ್ ಹಾಕುವ ಆಸಾಮಿ.

"ಕವಡೆ ಹಾಕ್ತೀಯಾ?" ಎಂದ ಸೀನ.

"ಅಲ್ಲಯ್ಯ. ಅಮೆರಿಕದ ಯೂನಿವರ್ಸಿಟಿಯೊಂದರಲ್ಲಿ ಕರಾಟೆ ಕ್ಲಬ್ ಇತ್ತು. ಫೀಸು ಏರಿಸಿ ಅಂತ ಮಾಸ್ತರು, ಬೇಡ ಅಂತ ಅಧ್ಯಕ್ಷರು. ಕ್ಲಬ್ ಒಡೆಯಿತು. ಕ್ಲಾಸಿನ ಹೊರಗೆ ಯಾರು ಯಾರ ಜೊತೆ ಸೇರ್ತಾರೆ ಅಂತ ವೇಯ್ನ್ ಝಕರಿ ಎಂಬಾತ ಬರೆದಿಟ್ಟುಕೊಂಡಿದ್ದ. ಅದನ್ನು ಚಿತ್ರ ಮಾಡಿದರೆ, ಹೊರಗೂ ಒಡನಾಟ ಇದ್ದ 34 ಜನಕ್ಕೆ 34 ಚುಕ್ಕಿ, ಅವರ ನಂಟಿಗೆ 78 ಗೆರೆ. ನಂಟು ತೆಳುವಾಗಿದ್ದ ಕಡೆ ಕತ್ತರಿ ಹಾಕಿದ. ಒಬ್ಬನನ್ನು ಬಿಟ್ಟು ಎಲ್ಲರೂ ಅವನ ಲೆಕ್ಕದಂತೆಯೇ ಹೋಗಿದ್ದರು. 1977ರ ಲೇಖನ ಅದು."

(ಈ ಉದಾಹರಣೆ ಎಷ್ಟು ಸವೆದಿದೆ ಅಂದರೆ, ಇಂಥ ನಂಟುಗಳನ್ನು ಓದುವ ನೆಟ್‌ವರ್ಕ್ ವಿಜ್ಞಾನದ ಸಮ್ಮೇಳನಗಳಲ್ಲಿ ಮೊದಲು ಅದರ ಹೆಸರೆತ್ತಿದವರಿಗೆ ತಮಾಷೆಗೊಂದು ಟ್ರೋಫಿ ಕೊಡುತ್ತಾರಂತೆ.)

"34 ಜನಕ್ಕೆ ನಮ್ಮ ಪದ್ದತ್ತೆ ಸಾಕು" ಎಂದೆ. "ಜಗಲಿ ಮೇಲೆ ಕೂತೇ ಹೇಳ್ತಾರೆ."

"ಬೆಲ್ಜಿಯಂನಲ್ಲಿ 20 ಲಕ್ಷಕ್ಕೂ ಜಾಸ್ತಿ ಮೊಬೈಲ್ ಗಿರಾಕಿಗಳು. ಅಷ್ಟು ದೊಡ್ಡ ಜಗಲಿ ಇದೆಯಾ ಪದ್ದತ್ತೆಗೆ? ಯಾರು ಯಾರಿಗೆ ಫೋನ್ ಮಾಡ್ತಾರೆ ಅನ್ನೋದಷ್ಟೇ ಕೊಟ್ಟು, ಭಾಷೆ ಯಾವುದು ಅಂತ ಹೇಳದೆ ಗುಂಪು ಮಾಡಿಸಿದರು. 2008ರಲ್ಲಿ. ಲೂವೇನ್ ವಿಧಾನ ಅಂತಾರೆ. ನೋಡಿದರೆ ಫ್ರೆಂಚ್ ಆಡುವವರು ಒಂದು ಕಡೆ, ಡಚ್ಚಿನವರು ಒಂದು ಕಡೆ!"

ಆಮೇಲೆ ಮಂಜನ ಮಾತಲ್ಲಿ 2014ರ ಡೀಪ್‌ವಾಕ್ ಎಂಬ ಇನ್ನೊಂದು ವಿಧಾನ ಬಂತು. ಒಂದು ಚುಕ್ಕಿಯಿಂದ ಪಕ್ಕದ ಚುಕ್ಕಿಗೆ, ಅಲ್ಲಿಂದ ಇನ್ನೊಂದಕ್ಕೆ, ಸುಮ್ನೆ ಅಲೆಯುವುದು. ಅಲೆದ ದಾರಿಯನ್ನು ವಾಕ್ಯದ ಹಾಗೆ ಓದಿ, ಯಾವ ಹೆಸರು ಯಾವುದರ ಹತ್ತಿರ ಬರುತ್ತದೆ ಅಂತ ಯಂತ್ರ ಕಲಿಯುತ್ತದೆ.

ಸೀನನಿಗೆ ಗಂಟಲು ಕಟ್ಟಿತು. "ಗೊತ್ತುಗುರಿ ಇಲ್ಲದೆ ಬೀದಿ ಅಲೀತೀಯ ಅಂತ ನಮ್ಮಪ್ಪ ಎಷ್ಟು ಬೈದಿದಾರೆ. ಅದು ಸಂಶೋಧನೆ ಅಂತ ಗೊತ್ತಿದ್ದರೆ!"

"ಅದಿರಲಿ, ಕರಾಟೆಯಲ್ಲಿ ಲೆಕ್ಕ ತಪ್ಪಿಸಿದ ಆ ಒಬ್ಬ ಯಾರು?" ಎಂದೆ.

"9ನೇ ನಂಬರಿನವನು. ಒಲವು ಅಧ್ಯಕ್ಷರ ಕಡೆ. ಆದರೆ ಬ್ಲ್ಯಾಕ್ ಬೆಲ್ಟ್ ಪರೀಕ್ಷೆಗೆ ಮೂರೇ ವಾರ ಇತ್ತು. ಅಧ್ಯಕ್ಷರ ಜೊತೆ ಹೋದರೆ ಮತ್ತೆ ಬಿಳಿ ಬೆಲ್ಟ್ ಕಟ್ಟಿ ಮೊದಲಿಂದ ಶುರು. ಮಾಸ್ತರ ಹತ್ತಿರವೇ ಉಳಿದ."

ಮಂಜ ಟಿಶ್ಯೂ ಮೇಲೆ ನಮ್ಮ ಬೀದಿ ಬರೆದ. ಸೀನನ ಗೆರೆಗಳೆಲ್ಲ ಹಳೇ ಸಮಿತಿಗೇ. ಭಾವ ಅಲ್ಲಿ, ಚೀಟಿ ಗೆಳೆಯರು ಅಲ್ಲಿ, ಸಾಲ ಕೊಟ್ಟವನೂ ಅಲ್ಲಿ. "ಮತ್ತೆ ಹೊಸಬರ ಜೊತೆ ಯಾಕೋ ಹೋದೆ?"

ಸೀನ ಲೋಟ ನೋಡುತ್ತ ಹೇಳಿದ: "ಆರ್ಕೆಸ್ಟ್ರಾದಲ್ಲಿ ಎರಡು ಹಾಡು ಕೊಟ್ಟಿದಾರೆ. ಹಳಬರು ಆರು ವರ್ಷದಿಂದ ಮೈಕು ಮುಟ್ಟೋಕೂ ಬಿಟ್ಟಿಲ್ಲ."

ಮಂಜ ಟಿಶ್ಯೂ ಮೂಲೆಯಲ್ಲಿ ಒಂದು ಮೈಕು ಬರೆದ. ಅಲ್ಲಿಂದ ಸೀನನಿಗೆ ಗೆರೆ ಎಳೆಯುವಷ್ಟರಲ್ಲಿ ಮೊಣಕೈ ತಗುಲಿ ಕಾಫಿ ಚೆಲ್ಲಿತು. ಎರಡೂ ಗಣಪತಿಗಳ ವಿಸರ್ಜನೆ ಅಲ್ಲೇ ಆಯಿತು.