2005ರ ಆಕ್ಟೇವಿಯಾ ಆರ್‌ಎಸ್: ಆಗುಂಬೆ ಘಾಟಿ ಹತ್ತುವಾಗ ದಮ್ಮು ಹೋಗುತ್ತದೆ, ಟರ್ಬೊ ಮುಗಿಯಿತಾ?

ತುಂಗಾತೀರ

ಎಲ್ಲರಿಗೂ ನಮಸ್ಕಾರ. ಊರು ತೀರ್ಥಹಳ್ಳಿ ಹತ್ತಿರ. ಮೂರು ತಿಂಗಳ ಹಿಂದೆ ಬೆಂಗಳೂರಿನಿಂದ 2005ರ ಸ್ಕೋಡಾ ಆಕ್ಟೇವಿಯಾ ಆರ್‌ಎಸ್ ತಂದೆ. 1.8 ಲೀಟರ್ ಟರ್ಬೊ (ಎಂಜಿನ್ನಿಗೆ ಗಾಳಿ ಒತ್ತಿ ತುಂಬುವ ಪಂಪು) ಪೆಟ್ರೋಲ್, 150 ಎಚ್‌ಪಿ, ಐದು ಗೇರ್. 1,38,000 ಕಿ.ಮೀ. ಓಡಿದೆ ಅಂತ ಮೀಟರ್ ಹೇಳುತ್ತದೆ, ನಂಬುವುದು ಬಿಡುವುದು ನಿಮಗೆ ಸೇರಿದ್ದು. ಕಾಲೇಜಿಗೆ ಹೋಗುವಾಗ ಶಿವಮೊಗ್ಗದಲ್ಲಿ ಇಂಥದ್ದೊಂದು ಕಾರು ಓಡಾಡುತ್ತಿತ್ತು. ಆಗಿನಿಂದ ತಲೆಯಲ್ಲಿ ಕೂತಿತ್ತು. ಅಡಿಕೆ ದುಡ್ಡು ಕೈಗೆ ಬಂತು, ಹುಡುಗನಿಗೆ ಬುದ್ಧಿ ಕೆಟ್ಟಿತು ಅಂದರು ಅಪ್ಪಯ್ಯ.

ವಿಷಯ ಇಷ್ಟು. ಬಯಲಲ್ಲಿ ಕಾರು ಚೆನ್ನಾಗಿದೆ. ಮಂಡಗದ್ದೆ ಕಡೆ ರಸ್ತೆಯಲ್ಲಿ ಆರಾಮಾಗಿ ಹೋಗುತ್ತದೆ. ಆದರೆ ಉಡುಪಿಯಿಂದ ವಾಪಸ್ ಬರುವಾಗ ಸೋಮೇಶ್ವರ ದಾಟಿ ಘಾಟಿ ಹತ್ತಬೇಕಲ್ಲ, ಅಲ್ಲಿ ಕೈ ಕೊಡುತ್ತದೆ. ಎರಡನೇ ಗೇರಿನಲ್ಲಿ ತಿರುವು ದಾಟಿ ಪೆಡಲ್ ಒತ್ತಿದರೆ 3,000 ಆರ್‌ಪಿಎಂ ತನಕ ಎಳೆಯುತ್ತದೆ. ಆಮೇಲೆ ಬಾನೆಟ್ ಒಳಗಿಂದ ‘ಹುಸ್’ ಅಂತ ಶಬ್ದ, ಕಾರು ಸುಸ್ತು. ಐದನೇ ತಿರುವಿಗೆ ಎಂಜಿನ್ ಲೈಟ್ ಹತ್ತಿತು. ಹದಿನಾಲ್ಕೂ ತಿರುವು ಮುಗಿಸುವಷ್ಟರಲ್ಲಿ ಹಿಂದಿದ್ದ ಹಳೇ ಓಮ್ನಿಯವನು ಹಾರ್ನ್ ಹೊಡೆದು ಮುಂದೆ ಹೋದ. ಬೆಳಿಗ್ಗೆ ಸ್ಟಾರ್ಟ್ ಮಾಡಿದಾಗ ಐಡಲ್ (ಪೆಡಲ್ ಒತ್ತದೆ ನಿಂತಲ್ಲೇ ಎಂಜಿನ್ ಓಡುವುದು) ಕೂಡ ಸರಿ ಇಲ್ಲ. 700ಕ್ಕೆ ಇಳಿಯುತ್ತದೆ, 1,100ಕ್ಕೆ ಏರುತ್ತದೆ.

ಗ್ಯಾರೇಜಿನವರು ಮೊದಲು ಗಾಳಿ ಅಳೆಯುವ ಮಾಫ್ ಸೆನ್ಸರ್ ಬದಲಾಯಿಸಿದರು. ಸರಿ ಆಗಲಿಲ್ಲ. ಆಮೇಲೆ ಬೂಸ್ಟ್ (ಟರ್ಬೊ ಕೊಡುವ ಗಾಳಿಯ ಒತ್ತಡ) ಕಂಟ್ರೋಲ್ ವಾಲ್ವ್. ಅದೂ ಆಗಲಿಲ್ಲ. ಈಗ ‘ಟರ್ಬೊನೇ ಹೋಗಿದೆ, ಬಿಚ್ಚಬೇಕು’ ಅನ್ನುತ್ತಿದ್ದಾರೆ. ಬಿಚ್ಚಿಸಲೋ ಬೇಡವೋ?

ಕೊಪ್ಪದ ಕಾಫಿ

ಇದು ಇ20 ಪೆಟ್ರೋಲಿನ ಕೆಲಸ ಮಾರಾಯ್ರೇ. ಶೇ 20 ಎಥನಾಲ್ ಕುಡಿಯಲಿಕ್ಕೆ ಮಾಡಿದ ಕಾರಲ್ಲ ಅದು. ಇನ್ನೊಂದು, ಘಾಟಿ ಮೇಲೆ ಗಾಳಿ ತೆಳುವಾಗುತ್ತದೆ ಅಲ್ವಾ, ಅದೂ ಸೇರಿರಬಹುದು.

ಹಳೇ ಸ್ಪ್ಯಾನರ್

ಟರ್ಬೊ ಬಿಚ್ಚಿಸಬೇಡಿ. ಸದ್ಯಕ್ಕೆ ಯಾವ ಪಾರ್ಟನ್ನೂ ತರಬೇಡಿ.

ಕಾಫಿಯವರೇ, ಆಗುಂಬೆ ಸಾವಿರ ಮೀಟರ್ ಎತ್ತರವೂ ಇಲ್ಲ. ಟರ್ಬೊ ಕಾರಿಗೆ ಅದು ಲೆಕ್ಕಕ್ಕೇ ಇಲ್ಲ. ಎಥನಾಲ್ ವಿಷಯ ಅರ್ಧ ಸರಿ, ಅದಕ್ಕೆ ಆಮೇಲೆ ಬರುತ್ತೇನೆ.

ತುಂಗಾತೀರ, ನನಗೆ ಮೂರು ವಿಷಯ ಬೇಕು. ಲೈಟ್ ಹತ್ತಿದಾಗ ಬಂದ ಕೋಡ್ ಏನು? ಕಾರಿನ ಕಂಪ್ಯೂಟರ್ ಓದುವ ವಿಸಿಡಿಎಸ್ ಸಾಫ್ಟ್‌ವೇರ್ ಇರುವ ಯಾರನ್ನಾದರೂ ಹಿಡಿದು ಎಂಜಿನ್ ಬಿಸಿ ಇರುವಾಗ 032ನೇ ಗ್ರೂಪ್ ನೋಡಿಸಿ. ಅದರಲ್ಲಿ ಮೊದಲ ಅಂಕಿ ಐಡಲ್‌ನ ಪೆಟ್ರೋಲ್ ತಿದ್ದುಪಡಿ (ಕಂಪ್ಯೂಟರ್ ಶೇಕಡಾ ಎಷ್ಟು ಪೆಟ್ರೋಲ್ ಹೆಚ್ಚು ಕಡಿಮೆ ಮಾಡುತ್ತಿದೆ ಅಂತ), ಎರಡನೆಯದು ಓಡುವಾಗಿನದು. ಆಮೇಲೆ 115ನೇ ಗ್ರೂಪ್. ಅಲ್ಲಿ ಕಂಪ್ಯೂಟರ್ ಕೇಳಿದ ಬೂಸ್ಟ್ ಎಷ್ಟು, ಸಿಕ್ಕಿದ್ದು ಎಷ್ಟು ಅಂತ ಪಕ್ಕಪಕ್ಕದಲ್ಲೇ ಕಾಣುತ್ತದೆ. ಇದನ್ನು ಓಡಿಸುತ್ತಾ ನೋಡಬೇಕು. ಲ್ಯಾಪ್‌ಟಾಪ್ ಪಕ್ಕದ ಸೀಟಿನವರ ತೊಡೆ ಮೇಲಿರಲಿ, ನಿಮ್ಮ ಕಣ್ಣು ರಸ್ತೆ ಮೇಲಿರಲಿ.

ಮತ್ತೆ, ಗ್ಯಾರೇಜಿನಿಂದ ಹಳೇ ಮಾಫ್ ವಾಪಸ್ ಇಸ್ಕೊಳ್ಳಿ. ಅದು ಚೆನ್ನಾಗಿಯೇ ಇದ್ದಿರಬಹುದು. ಹೊಸದು ಅಸಲಿಯೋ ಅಲ್ಲವೋ ಯಾರಿಗೆ ಗೊತ್ತು.

ತುಂಗಾತೀರ

ಶಿವಮೊಗ್ಗದಲ್ಲಿ ಒಬ್ಬರ ಹತ್ತಿರ ವಿಸಿಡಿಎಸ್ ಸಿಕ್ಕಿತು. ಕೋಡ್ ಎರಡು ಇವೆ. ಪಿ1136 ಮತ್ತು ಪಿ1297. 032ರಲ್ಲಿ ಐಡಲ್ +8.9, ಓಡುವಾಗಿನದು +4.7. 115ರಲ್ಲಿ, ಮೂರನೇ ಗೇರಿನಲ್ಲಿ ಪೂರ್ತಿ ಒತ್ತಿದಾಗ, ಕೇಳಿದ್ದಕ್ಕಿಂತ 300 ಮಿಲಿಬಾರ್ ಕಡಿಮೆ. ಹಳೇ ಮಾಫ್ ಕೂಡ ಸಿಕ್ಕಿತು, ಕಸದ ಡಬ್ಬಿಯಿಂದ.

ಹಳೇ ಸ್ಪ್ಯಾನರ್

ಒಳ್ಳೇ ಕೆಲಸ. ಈಗ ಕಾರು ತಾನೇ ಕಥೆ ಹೇಳುತ್ತಿದೆ.

ಪಿ1136 ಅಂದರೆ ಮಿಶ್ರಣದಲ್ಲಿ ಗಾಳಿ ಜಾಸ್ತಿ, ಪೆಟ್ರೋಲ್ ಕಡಿಮೆ. ಪಿ1297 ಅಂದರೆ ಟರ್ಬೊ ಮತ್ತು ಥ್ರಾಟಲ್ (ಪೆಡಲ್ ಒತ್ತಿದಾಗ ತೆರೆಯುವ ಗಾಳಿ ಬಾಗಿಲು) ನಡುವೆ ಒತ್ತಡ ಸೋರಿಹೋಗುತ್ತಿದೆ. ಒಂದು ಗಾಳಿ ಒಳಗೆ ಬರುತ್ತಿದೆ ಅನ್ನುತ್ತದೆ, ಇನ್ನೊಂದು ಹೊರಗೆ ಹೋಗುತ್ತಿದೆ ಅನ್ನುತ್ತದೆ. ಹೀಗೆ ಉಲ್ಟಾ ಕಾಣುವುದರಿಂದಲೇ ಗ್ಯಾರೇಜಿನವರು ಸೆನ್ಸರ್ ಮೇಲೆ ಅನುಮಾನ ಪಟ್ಟದ್ದು. ನಿಜವಾಗಿ ಎರಡಕ್ಕೂ ಕಾರಣ ತೂತು.

ಐಡಲ್‌ನಲ್ಲಿ ಇನ್‌ಟೇಕ್ ಮ್ಯಾನಿಫೋಲ್ಡ್ (ಸಿಲಿಂಡರುಗಳಿಗೆ ಗಾಳಿ ಹಂಚುವ ಕೊಳವೆ) ಒಳಗೆ ನಿರ್ವಾತ ಇರುತ್ತದೆ. ಅಲ್ಲಿ ಪೈಪ್ ಹರಿದಿದ್ದರೆ ಮಾಫ್ ಲೆಕ್ಕಕ್ಕೆ ಸಿಗದ ಗಾಳಿ ಒಳಗೆ ನುಗ್ಗುತ್ತದೆ. ಐಡಲ್‌ನಲ್ಲಿ ಎಂಜಿನ್ ಉಸಿರಾಡುವುದೇ ಸೆಕೆಂಡಿಗೆ ಮೂರು ಗ್ರಾಂ ಆಸುಪಾಸು. ಅದರಲ್ಲಿ ಸಣ್ಣ ತೂತೂ ದೊಡ್ಡ ಪಾಲು ತಿನ್ನುತ್ತದೆ. ಓಡುವಾಗ ಗಾಳಿ ಹತ್ತಾರು ಗ್ರಾಂ, ಅದೇ ತೂತು ಗೊತ್ತೇ ಆಗುವುದಿಲ್ಲ. ಹಾಗಾಗಿ ಐಡಲ್ 8.9, ಓಡುವಾಗ 4.7. ಮಾಫ್ ಕೆಟ್ಟಿದ್ದರೆ ಇದು ತಿರುಗುಮುರುಗಾಗುತ್ತಿತ್ತು, ಓಡುವಾಗಿನ ಅಂಕಿಯೇ ಜಾಸ್ತಿ ಇರುತ್ತಿತ್ತು.

ಈಗ ಕಾಫಿಯವರ ಮಾತು. ಶೇ 10ರಿಂದ ಶೇ 20 ಎಥನಾಲ್‌ಗೆ ಹೋದರೆ ಅಷ್ಟೇ ಗಾಳಿಗೆ ಸುಮಾರು ಶೇ 4 ಜಾಸ್ತಿ ಪೆಟ್ರೋಲ್ ಬೇಕು. ಆ 4.7 ಬಹುಪಾಲು ಅಲ್ಲಿಗೇ ಹೋಯಿತು. 8.9 ಮಾತ್ರ ಎಥನಾಲ್ ಲೆಕ್ಕಕ್ಕೆ ಬರುವುದಿಲ್ಲ.

ನನ್ನ ಮೊದಲ ಅನುಮಾನ ಮ್ಯಾನಿಫೋಲ್ಡ್ ಕೆಳಗೆ ಅವಿತಿರುವ ಪಿಸಿವಿ ಪೈಪಿನ ಮೇಲೆ. ಎಂಜಿನ್ನಿನ ಎಣ್ಣೆ ಆವಿ ಅದರಲ್ಲೇ ಹೋಗಬೇಕು. ಇಪ್ಪತ್ತು ವರ್ಷ ಎಣ್ಣೆ ಕುಡಿದ ರಬ್ಬರ್ ನೀರಲ್ಲಿ ನೆನೆದ ಹಲಸಿನ ಹಪ್ಪಳದ ಹಾಗಾಗಿರುತ್ತದೆ. ಅದರಲ್ಲಿ ಒಂದೇ ಕಡೆಗೆ ಗಾಳಿ ಬಿಡುವ ಒಂದು ಚೆಕ್ ವಾಲ್ವ್ ಇದೆ. ಆ ವಾಲ್ವ್‌ಗೂ ಮ್ಯಾನಿಫೋಲ್ಡ್‌ಗೂ ನಡುವಿನ ತುಂಡು ಹರಿದರೆ ಐಡಲ್‌ನಲ್ಲಿ ಗಾಳಿ ಎಳೆಯುತ್ತದೆ, ಬೂಸ್ಟ್‌ನಲ್ಲಿ ಉಗುಳುತ್ತದೆ. ನಿಮ್ಮ ‘ಹುಸ್’ ಅದೇ ಇರಬಹುದು.

ಕಣ್ಣಿಗೆ ಕಾಣುವ ಜಾಗ ಅಲ್ಲ. ಗಾಳಿ ತುಂಬಿಸಿ ನೋಡಬೇಕು. ತೋಟದ ಪೈಪು ಮಾರುವ ಅಂಗಡಿಯಲ್ಲಿ ಪಿವಿಸಿ ಎಂಡ್ ಕ್ಯಾಪ್ ತಗೊಳ್ಳಿ, ಮಾಫ್ ಬಿಚ್ಚಿದ ಮೇಲೆ ಉಳಿಯುವ ರಬ್ಬರ್ ಪೈಪಿನ ಬಾಯಿಗೆ ಸರಿ ಹೊಂದುವ ಅಳತೆಯದ್ದು. ನಡುವೆ ತೂತು ಕೊರೆದು ಟ್ಯೂಬ್‌ಲೆಸ್ ಟೈರಿನ ವಾಲ್ವ್ ಕೂರಿಸಿ. ಪೈಪಿಗೆ ತುರುಕಿ ಕ್ಲಾಂಪ್ ಬಿಗಿಯಿರಿ. ಪಂಕ್ಚರ್ ಅಂಗಡಿಯ ಗಾಳಿ 7 ಪಿಎಸ್‌ಐ ಸಾಕು, 10 ದಾಟಬೇಡಿ. ಮುಖ ಬಗ್ಗಿಸಿ ನಿಲ್ಲಬೇಡಿ, ಕ್ಯಾಪ್ ಹಾರಿದರೆ ಹಲ್ಲು ಹೋಗುತ್ತದೆ. ಎಲ್ಲಾ ಪೈಪಿನ ಮೇಲೂ ಸೋಪಿನ ನೀರು ಸಿಂಪಡಿಸಿ. ಎಂಜಿನ್ ಒಳಗಿಂದ ‘ಸ್ಸ್’ ಅಂತ ಸ್ವಲ್ಪ ಕೇಳಿಸುತ್ತದೆ. ಅದು ವಾಲ್ವ್‌ಗಳ ಮೂಲಕ ಹೋಗುವ ಗಾಳಿ, ಹೆದರಬೇಡಿ.

ಸೋಪಿನ ನೀರಿಗೆ ಅಡಿಕೆಗೆ ಬೋರ್ಡೋ (ಮೈಲುತುತ್ತದ ದ್ರಾವಣ) ಹೊಡೆಯುವ ಪಂಪು ಬೇಡ. ಒಬ್ಬರು ಹಾಗೆ ಮಾಡಿ ಅಲ್ಯೂಮಿನಿಯಂ ಎಲ್ಲ ನೀಲಿ ಮಾಡಿಕೊಂಡಿದ್ದನ್ನು ಕಣ್ಣಾರೆ ನೋಡಿದ್ದೇನೆ.

ಸಾಗರದ ಸವಾರ

ನಡುವೆ ಬಾಯಿ ಹಾಕುತ್ತೇನೆ, ಕ್ಷಮಿಸಿ. ಟೈಮಿಂಗ್ ಬೆಲ್ಟ್ ಯಾವಾಗ ಬದಲಾಯಿಸಿದ್ದು ಅಂತ ಬಿಲ್ ಇದೆಯಾ? ಈ ಎಂಜಿನ್ನಿನಲ್ಲಿ ಬೆಲ್ಟ್ ಹರಿದರೆ ವಾಲ್ವ್‌ಗಳು ಪಿಸ್ಟನ್ನಿಗೆ ಹೊಡೆದು ಬಗ್ಗುತ್ತವೆ. ನೀವು ಈಗ ಹುಡುಕುತ್ತಿರುವುದು ಸಾವಿರದ ಲೆಕ್ಕದ ಖರ್ಚು, ಅದು ಲಕ್ಷದ್ದು. ಮಾರಿದವರು ‘ಹೊಸದಾಗಿ ಹಾಕಿಸಿದ್ದೇನೆ’ ಅಂದರೆ ಬಿಲ್ ತೋರಿಸಲಿ. ಬಿಲ್ ಇಲ್ಲ ಅಂದರೆ ಹಾಕಿಸಿಯೇ ಇಲ್ಲ ಅಂತ ಇಟ್ಟುಕೊಳ್ಳಿ.

ಹಳೇ ಸ್ಪ್ಯಾನರ್

ಸವಾರರ ಮಾತಿಗೆ ನನ್ನ ಎರಡು ಓಟು. ವಾಟರ್ ಪಂಪ್ ಕೂಡ ಅದೇ ಬೆಲ್ಟಿನಿಂದ ತಿರುಗುತ್ತದೆ. ಎರಡನ್ನೂ, ಬೆಲ್ಟ್ ಬಿಗಿ ಹಿಡಿಯುವ ಟೆನ್ಷನರ್ ಸಮೇತ, ಒಟ್ಟಿಗೆ ಹಾಕಿಸಿ. ಹಳೇ ಪಂಪಿನ ಒಳಗಿನ ರೆಕ್ಕೆ ಪ್ಲಾಸ್ಟಿಕ್ ಇದ್ದರೆ ಹೊಸದು ಲೋಹದ ರೆಕ್ಕೆಯದ್ದು ತಗೊಳ್ಳಿ. ಆಯಿಲ್ ಡಬ್ಬಿ ಮೇಲೆ ವಿಡಬ್ಲ್ಯು 502 00 (ಫೋಕ್ಸ್‌ವ್ಯಾಗನ್ನಿನ ಆಯಿಲ್ ದರ್ಜೆ) ಅಂತ ಬರೆದಿರಬೇಕು.

ತುಂಗಾತೀರ

ಬೆಲ್ಟಿನ ಬಿಲ್ ಇಲ್ಲ. ಕೇಳಿದ್ದಕ್ಕೆ ಫೋನ್ ಎತ್ತುತ್ತಿಲ್ಲ. ಬೆಲ್ಟ್, ಪಂಪ್ ತರಿಸಿದ್ದೇನೆ.

ಗಾಳಿ ಪರೀಕ್ಷೆ ನಿನ್ನೆ ಅಂಗಳದಲ್ಲೇ ಮಾಡಿದೆವು. ನಮ್ಮ ಭಾವ, ತನ್ನ ಹೆಂಡತಿ ಗಿಡಕ್ಕೆ ನೀರು ಹಾಕುವ ಸಣ್ಣ ಸ್ಪ್ರೇ ಬಾಟಲ್ ತಂದಿದ್ದ. 6 ಪಿಎಸ್‌ಐಗೆ ಮ್ಯಾನಿಫೋಲ್ಡ್ ಕೆಳಗೆ ನೊರೆ ಬುಸುಬುಸು ಎದ್ದಿತು. ಕೈ ಹಾಕಿದರೆ ಪೈಪ್ ತುಂಡು ಕೈಯಲ್ಲೇ ಬಂತು. ಹಪ್ಪಳ ಅಂದಿರಲ್ಲ, ಅದೇ.

ಸದ್ಯಕ್ಕೆ ರೇಡಿಯೇಟರಿನ ನೀಲಿ ಸಿಲಿಕಾನ್ ಪೈಪ್ ಕತ್ತರಿಸಿ ಹಾಕಿದ್ದೇನೆ. ಹಳೇ ಮಾಫ್ ವಾಪಸ್ ಹಾಕಿದೆ. ಐಡಲ್ ಗಡಿಯಾರದ ಹಾಗಿದೆ. 032ರ ಮೊದಲ ಅಂಕಿ +1.6ಕ್ಕೆ ಇಳಿದಿದೆ.

ಆದರೆ ಘಾಟಿಯಲ್ಲಿ ಪೂರ್ತಿ ಸರಿ ಆಗಿಲ್ಲ. ‘ಹುಸ್’ ಶಬ್ದ ಹೋಯಿತು. ಬೂಸ್ಟ್ ಇನ್ನೂ 180 ಮಿಲಿಬಾರ್ ಕಡಿಮೆ. ಪಿ1297 ಮತ್ತೆ ಬಂತು.

ಹಳೇ ಸ್ಪ್ಯಾನರ್

ಮೊದಲು ಆ ನೀಲಿ ಪೈಪ್ ತೆಗೀರಿ. ಸಾದಾ ಸಿಲಿಕಾನ್ ನೀರಿಗೆ ಚೆನ್ನ, ಎಣ್ಣೆ ಆವಿಗೆ ಆಗಿಬರುವುದಿಲ್ಲ. ಊದಿಕೊಂಡು ಬೆವರುತ್ತದೆ. ಎಣ್ಣೆ ಮತ್ತು ಪೆಟ್ರೋಲ್ ತಡೆಯುವ, ಒಳಗೆ ನೂಲಿನ ಹೆಣಿಗೆ ಇರುವ ಪೈಪೇ ಬೇಕು.

ಉಳಿದ ಸೋರಿಕೆ ಡೈವರ್ಟರ್ ವಾಲ್ವ್ ಇರಬೇಕು. ನೀವು ಪೆಡಲ್ ಬಿಟ್ಟಾಗ ಬೂಸ್ಟನ್ನು ಟರ್ಬೊ ಗಾಳಿ ಎಳೆಯುವ ಬಾಯಿಗೆ ವಾಪಸ್ ಬಿಡುವ ಸಣ್ಣ ವಾಲ್ವ್ ಅದು. ಒಳಗಿನ ರಬ್ಬರ್ ಪದರ ಹರಿದರೆ ಪೆಡಲ್ ಒತ್ತಿದಾಗಲೂ ಬಿಡುತ್ತಲೇ ಇರುತ್ತದೆ. ಗಾಳಿ ಸುತ್ತಿ ಮತ್ತೆ ಟರ್ಬೊಗೇ ಬರುವುದರಿಂದ ಹೊರಗೆ ಶಬ್ದ ಇಲ್ಲ, ಸೋಪಿನ ನೊರೆಯೂ ಏಳುವುದಿಲ್ಲ. ಅದಕ್ಕೇ ನಿಮ್ಮ ಪರೀಕ್ಷೆಗೆ ಸಿಕ್ಕಿಲ್ಲ.

ಎರಡು ಕ್ಲಾಂಪ್, ಒಂದು ಸಣ್ಣ ಪೈಪ್, ಕೈಗೆ ಬರುತ್ತದೆ. ಒಳಗಿನ ಪಿಸ್ಟನ್ನನ್ನು ಬೆರಳಲ್ಲಿ ಒಳಗೆ ಒತ್ತಿ. ಒತ್ತಿಕೊಂಡೇ ಸಣ್ಣ ನಳಿಗೆಯ ಬಾಯಿ ಇನ್ನೊಂದು ಬೆರಳಿನಿಂದ ಮುಚ್ಚಿ. ಈಗ ಪಿಸ್ಟನ್ ಬಿಡಿ. ಅಲ್ಲೇ ನಿಂತರೆ ಪದರ ಸರಿ ಇದೆ. ಮೆಲ್ಲಗೆ ಹೊರಗೆ ಬಂದರೆ ಹರಿದಿದೆ.

ತುಂಗಾತೀರ

ಮೆಲ್ಲಗೇನು ಬಂತು, ಟಪ್ ಅಂತ ಹಾರಿತು.

ಹೊಸ ವಾಲ್ವ್ ಹಾಕಿದೆ. ಪಿಸಿವಿಗೆ ಸರಿಯಾದ ಪೈಪ್ ಹಾಕಿದೆ. ಕಳೆದ ವಾರ ಬೆಲ್ಟ್, ಪಂಪ್ ಕೂಡ ಆಯಿತು. ಹಳೇ ಬೆಲ್ಟಿನ ಬೆನ್ನ ಮೇಲೆ ಬಿರುಕು ಕಾಣುತ್ತಿತ್ತು, ಸಾಗರದ ಅಣ್ಣನಿಗೆ ದೊಡ್ಡ ನಮಸ್ಕಾರ.

ಭಾನುವಾರ ನಾಲ್ಕು ಜನ ಕೂತು ಉಡುಪಿಗೆ ಹೋಗಿ ಬಂದೆವು. ಮಳೆ ಇತ್ತು, ಜೋರು ಮಾಡಲಿಲ್ಲ. ಆದರೂ ಎರಡನೇ ಗೇರಿನಲ್ಲಿ ತಿರುವಿನಿಂದ ಹೊರಗೆ ಬಂದರೆ 2,000ದಿಂದಲೇ ಬೆನ್ನಿಗೆ ಕೈ ಕೊಟ್ಟು ನೂಕಿದ ಹಾಗೆ. ಬೂಸ್ಟ್ ಕೇಳಿದ್ದಕ್ಕೂ ಸಿಕ್ಕಿದ್ದಕ್ಕೂ 20-30 ಮಿಲಿಬಾರ್ ವ್ಯತ್ಯಾಸ ಅಷ್ಟೇ. ಲೈಟ್ ಬಂದಿಲ್ಲ. ಅಪ್ಪಯ್ಯ ಹಿಂದೆ ಕೂತಿದ್ದರು, ಬೈಯಲಿಲ್ಲ. ನಿಧಾನ ಅಂತ ಎರಡು ಸಲ ಹೇಳಿದರು, ಮೂರನೇ ಸಲಕ್ಕೆ ನಿದ್ದೆ.

ಕೊಪ್ಪದ ಕಾಫಿ

ನಾನು ಎಥನಾಲ್ ಅಂದಿದ್ದು ನಾಲ್ಕು ಪರ್ಸೆಂಟ್ ಆದರೂ ಸರಿ ಆಯ್ತಲ್ಲ, ಅಷ್ಟು ಸಾಕು ನನಗೆ.

ಹಳೇ ಸ್ಪ್ಯಾನರ್

ಸಂತೋಷ. ಘಾಟಿ ಹತ್ತಿ ಆಗುಂಬೆಯಲ್ಲಿ ಚಹಾಕ್ಕೆ ನಿಲ್ಲಿಸುವಾಗ ಕೂಡಲೇ ಆಫ್ ಮಾಡಬೇಡಿ. ಒಂದು ನಿಮಿಷ ಐಡಲ್‌ನಲ್ಲಿ ಬಿಡಿ, ಟರ್ಬೊ ಬೇರಿಂಗಿನಲ್ಲಿ ಆಯಿಲ್ ಕರಕಲಾಗುವುದಿಲ್ಲ. ಆರ್‌ಸಿ ಯಾವ ತಾರೀಕಿನ ತನಕ ಇದೆ ಅಂತಲೂ ನೋಡಿಕೊಳ್ಳಿ. 15 ವರ್ಷ ದಾಟಿದ ಮೇಲೆ ಐದೈದು ವರ್ಷಕ್ಕೆ ನವೀಕರಣ ಆಗಬೇಕು. ನಿಮ್ಮದು 2005ರದ್ದು, ಲೆಕ್ಕ ಹಾಕಿ.

ತುಂಗಾತೀರ

ಅದು ನೋಡಿದ್ದೇನೆ, ಆಗಿದೆ. ಇನ್ನೊಂದು ಸಣ್ಣ ವಿಷಯ. ಮಳೆಯಲ್ಲಿ ಬಂದ ಮೇಲೆ ಎಡಗಡೆ ಮುಂದಿನ ಮ್ಯಾಟ್ ಕೆಳಗೆ ನೀರು ನಿಂತಿದೆ. ಕಾಲಿಟ್ಟರೆ ಪಚಪಚ ಅನ್ನುತ್ತದೆ.

ಹಳೇ ಸ್ಪ್ಯಾನರ್

‘ನೆಕ್ಕಿ ನೋಡಿ, ಸಿಹಿ ಇದ್ದರೆ ಕೂಲಂಟ್ (ಎಂಜಿನ್ ತಂಪು ಮಾಡುವ ದ್ರವ)’ ಅಂತ ಹೇಳುವವರಿದ್ದಾರೆ, ದಯವಿಟ್ಟು ಅವರ ಮಾತು ಕೇಳಬೇಡಿ, ಅದು ವಿಷ. ಬಿಳಿ ಬಟ್ಟೆಯಲ್ಲಿ ಒರೆಸಿ ಬಣ್ಣ ನೋಡಿ. ಬಣ್ಣ ಇಲ್ಲ ಅಂದರೆ ಮಳೆ ನೀರು. ಬಾಗಿಲಿನ ಒಳಗಿನ ಪದರದ ಅಂಟು ಬಿಟ್ಟಿರುತ್ತದೆ, ಇಲ್ಲ ಪೊಲನ್ ಫಿಲ್ಟರ್ ಮುಚ್ಚಳದ ಸೀಲು ಹೋಗಿರುತ್ತದೆ. ವೈಪರ್ ಕೆಳಗಿನ ನೀರು ಹೋಗುವ ತೂತಲ್ಲಿ ತರಗೆಲೆ ತುಂಬಿದೆಯಾ, ಮೊದಲು ಅದನ್ನು ನೋಡಿ. ನಿಮ್ಮ ಕಾರು ಹಲಸಿನ ಮರದ ಕೆಳಗೆ ತಾನೇ ನಿಲ್ಲುವುದು?

ತುಂಗಾತೀರ

ಮಾವಿನ ಮರ. ಈಗ ಹೋಗಿ ನೋಡುತ್ತೇನೆ.