ಎಐ ಪರಿಹಾರದ ದುಡ್ಡು ನನ್ನ ಕಥಾಸಂಕಲನಕ್ಕೂ ಬರುತ್ತಾ?

ಪ್ರಶ್ನೆ: ಮೇಡಂ, ನಮಸ್ಕಾರ. 2014ರಲ್ಲಿ ನನ್ನ ಕಥಾಸಂಕಲನ ಬಂತು. ಅದರ ಪಿಡಿಎಫ್ ಈಗ ಎಲ್ಲೆಲ್ಲೋ ಓಡಾಡುತ್ತಿದೆ. ಎಐಗೆ ಪುಸ್ತಕ ಬಳಸಿದ್ದಕ್ಕೆ ಅಮೆರಿಕದಲ್ಲಿ ಪುಸ್ತಕಕ್ಕೆ ಮೂರು ಸಾವಿರ ಡಾಲರ್ ಕೊಡುತ್ತಿದ್ದಾರಂತೆ. ಐದು ಸಾವಿರ ರೂಪಾಯಿ ಕೊಟ್ಟರೆ ಹೆಸರು ಸೇರಿಸುತ್ತೇವೆ ಎಂದು ಒಬ್ಬರು ಫೋನ್ ಮಾಡಿದ್ದರು. ಕೊಡಲಾ?

ವಕೀಲರು: ದಯವಿಟ್ಟು ಕೊಡಬೇಡಿ ಸರ್. ಅಮೆರಿಕದ್ದು ಆಂಥ್ರೊಪಿಕ್ ಎಂಬ ಎಐ ಕಂಪನಿಯ ಮೇಲಿನ ಕೇಸು. ಪುಸ್ತಕಗಳಿಂದ ಎಐಗೆ ತರಬೇತಿ ಕೊಟ್ಟಿದ್ದು ಅಲ್ಲಿನ ಕಾನೂನಿಗೆ ವಿರುದ್ಧವಲ್ಲ ಎಂದು 2025ರ ಜೂನ್‌ನಲ್ಲಿ ನ್ಯಾಯಾಧೀಶ ವಿಲಿಯಂ ಆಲ್ಸಪ್ ಹೇಳಿದರು. ಆದರೆ ಪೈರೇಟ್ ಸೈಟುಗಳಿಂದ ಲಕ್ಷಾಂತರ ಪುಸ್ತಕ ಇಳಿಸಿ ಇಟ್ಟುಕೊಂಡಿದ್ದನ್ನು ಅವರು ಒಪ್ಪಲಿಲ್ಲ. 150 ಕೋಟಿ ಡಾಲರ್‌ಗೆ ರಾಜಿಯಾಗಿದ್ದು ಈ ಪೈರಸಿ ವಿಷಯಕ್ಕೆ. ಅದರಲ್ಲಿ ಪಾಲು ಸಿಗಬೇಕಾದರೆ ಪುಸ್ತಕ ಅಮೆರಿಕದ ಕಾಪಿರೈಟ್ ಕಚೇರಿಯಲ್ಲಿ ಮೊದಲೇ ನೋಂದಣಿ ಆಗಿರಬೇಕಿತ್ತು. ಈಗ ಮಾಡಿಸಿ ಪ್ರಯೋಜನವಿಲ್ಲ.

ಪ್ರಶ್ನೆ: ನಾನು ಇಲ್ಲೂ ನೋಂದಣಿ ಮಾಡಿಸಿಲ್ಲ. 'ಎಲ್ಲ ಹಕ್ಕು ಕೊಟ್ಟಿದ್ದೇನೆ' ಎಂದು ಪ್ರಕಾಶಕರಿಗೆ ಬರೆದುಕೊಟ್ಟಿದ್ದೆ. ಈಗ ಅವರು 'ಎಐ ತರಬೇತಿ ಸೇರಿ' ಎಂದು ಹೊಸ ಕರಾರು ಕಳಿಸಿದ್ದಾರೆ. ಸುಮ್ನೆ ಸಹಿ ಹಾಕಿಬಿಡಲಾ?

ವಕೀಲರು: ತಡೆಯಿರಿ! ನಮ್ಮಲ್ಲಿ ನೋಂದಣಿ ಕಡ್ಡಾಯವಲ್ಲ, ಬರೆದಾಗಲೇ ಹಕ್ಕು ನಿಮ್ಮದು. ನನಗೆ ಅಮೆರಿಕದ ದುಡ್ಡಿಗಿಂತ ನಿಮ್ಮ ಹಳೇ ಕಾಗದದ ಬಗ್ಗೆ ಜಾಸ್ತಿ ಕುತೂಹಲ. ಅದರಲ್ಲಿ ಅವಧಿ ಬರೆದಿದೆಯಾ ನೋಡಿ. ಬರೆದಿಲ್ಲದಿದ್ದರೆ 1957ರ ಕಾಪಿರೈಟ್ ಕಾಯ್ದೆಯ 19ನೇ ಸೆಕ್ಷನ್ ಪ್ರಕಾರ ಐದೇ ವರ್ಷ. ಇನ್ನು 18ನೇ ಸೆಕ್ಷನ್‌ಗೆ 2012ರಲ್ಲಿ ಒಂದು ಮಾತು ಸೇರಿಸಿದ್ದಾರೆ. ಸಹಿ ಹಾಕಿದ ಕಾಲದಲ್ಲಿ ಬಳಕೆಯಲ್ಲೇ ಇರದಿದ್ದ ವಿಧಾನಕ್ಕೆ, ಅದರ ಹೆಸರು ಹೇಳಿ ಬರೆಯದ ಹೊರತು, ಹಕ್ಕು ಹೋಗುವುದಿಲ್ಲ. ಎಐ ತರಬೇತಿಯೂ ಅಂಥದ್ದೇ ಎಂದು ಗಟ್ಟಿಯಾಗಿ ವಾದಿಸಬಹುದು. ಪ್ರಕಾಶಕರು ಹೊಸದಾಗಿ ಅದರ ಹೆಸರು ಸೇರಿಸುತ್ತಿರುವುದು ಅದಕ್ಕೇ ಅಲ್ವಾ?

ಪ್ರಶ್ನೆ: ಕಾಗದ ಟ್ರಂಕಿನಲ್ಲಿ ಸಿಕ್ಕಿತು ಮೇಡಂ. ಮೂರೇ ಸಾಲು. ವರ್ಷದ ಮಾತೇ ಇಲ್ಲ.

ವಕೀಲರು: ಹಾಗಾದರೆ ಹಕ್ಕು 2019ರಲ್ಲೇ ನಿಮಗೆ ವಾಪಸ್ ಬಂದಿದೆ. ಹೊಸ ಕರಾರು ಬೇಕೆನಿಸಿದರೆ ಮಾಡಿಕೊಳ್ಳಿ, ಆದರೆ ಎಷ್ಟು ವರ್ಷ, ಎಷ್ಟು ರಾಯಲ್ಟಿ ಎಂದು ಬರೆಸಿ. ಎಐ ಸಾಲನ್ನು ಹೊಡೆದುಹಾಕಿ. ಒಪ್ಪದಿದ್ದರೆ ಅದಕ್ಕೆ ಬೇರೆ ದರ ಕೇಳಿ. ತನ್ನ ಸುದ್ದಿಗಳನ್ನು ಎಐ ತರಬೇತಿಗೆ ಬಳಸಿದ್ದಾರೆಂದು ಎಎನ್‌ಐ ಸುದ್ದಿ ಸಂಸ್ಥೆ 2024ರಲ್ಲಿ ಚಾಟ್‌ಜಿಪಿಟಿಯ ಕಂಪನಿ ಓಪನ್‌ಎಐ ಮೇಲೆ ದೆಹಲಿ ಹೈಕೋರ್ಟಿನಲ್ಲಿ ಕೇಸು ಹಾಕಿತು, ಪ್ರಕಾಶಕರ ಒಕ್ಕೂಟವೂ ಸೇರಿಕೊಂಡಿತು. ನಾಳೆ ಇಲ್ಲೂ ರಾಯಲ್ಟಿ ಬರುವಂತಾದರೆ, ಹಕ್ಕು ಯಾರ ಕೈಯಲ್ಲಿದೆಯೋ ಅವರೇ ಕೇಳಬಹುದು. ಆ ಮೂರು ಸಾಲಿನ ಕಾಗದದ ಫೋಟೋ ತೆಗೆದಿಟ್ಟುಕೊಳ್ಳಿ ಸರ್.