ನನ್ನ ತಮ್ಮ ಡಾಕ್ಟರ್ ಮುಂದೆ ಬಾಯೇ ಬಿಡಲ್ಲ, ಏನ್ ಮಾಡೋದು?

ತಮ್ಮನಿಗೆ 24 ವರ್ಷ, ಸ್ಕಿಜೋಫ್ರೇನಿಯಾ. ಕಿವೀಲಿ ಯಾರೋ ಬೈತಾರೆ ಅಂತಾನೆ. ತಾಲೂಕು ಆಸ್ಪತ್ರೆಗೆ ಮಂಗಳವಾರ ಬರೋ ಮನೋಚೈತನ್ಯ (ಸರ್ಕಾರದ ಮಾನಸಿಕ ಆರೋಗ್ಯ ಕಾರ್ಯಕ್ರಮ) ಟೀಮಲ್ಲಿ ಒಬ್ರು ಸೋಶಿಯಲ್ ವರ್ಕರ್ ಇದ್ರು, ಅವ್ರ ಹತ್ರ ಮಾತ್ರ ಮಾತಾಡ್ತಿದ್ದ, ಅವ್ರು ಹೋದ್ಮೇಲೆ ಹೊಸಬರ ಮುಂದೆ ತಲೆ ಬಗ್ಗಿಸ್ಕೊಂಡು ಕೂತ್ಬಿಡ್ತಾನೆ. ಮಾತ್ರೆನೂ ಬಿಟ್ಟ. ಅಮ್ಮ ಬೇರೆ ದಾರಿ ಕಾಣದೆ ಸಾರಲ್ಲಿ ಪುಡಿ ಮಾಡಿ ಹಾಕ್ತಿದ್ರು, ಮೊನ್ನೆ ಗೊತ್ತಾಗಿ ತಟ್ಟೆ ಎಸೆದ. ಈಗ ಮನೆ ಊಟ ಮುಟ್ಟಲ್ಲ, ಅಂಗಡಿಯಿಂದ ಬಿಸ್ಕೆಟ್ ಪ್ಯಾಕೆಟ್ ತಂದು ತಾನೇ ಒಡೆದು ತಿಂತಾನೆ.

ಉತ್ತರ 1
ಅಕ್ಕ, ನಾನು ಸೈಕಿಯಾಟ್ರಿ ವಾರ್ಡ್ ನರ್ಸ್. ಅಮ್ಮನ್ನ ಬೈಬೇಡಿ, ಆದ್ರೆ ಅವ್ರೇ ಅವನ ಹತ್ರ ತಪ್ಪಾಯ್ತು ಅಂತ ಹೇಳ್ಲಿ. ಮಾತ್ರೆ ಯಾಕೆ ಬಿಟ್ಟೆ ಅಂತ ಯಾರಾದ್ರೂ ಕೇಳಿದ್ದೀರಾ? ಹಾಲೊಪೆರಿಡಾಲ್ ತರದ್ದಕ್ಕೆ ಕೈಕಾಲು ಬಿಗಿಯುತ್ತೆ, ಕೆಲವ್ರಿಗೆ ಕೂತಲ್ಲಿ ಕೂರಕ್ಕಾಗಲ್ಲ, ಒಲಾಂಜಪೈನ್‌ಗೆ ನಿದ್ದೆ, ತೂಕ ಏರುತ್ತೆ. ಅದನ್ನ ಹೇಳ್ಕೊಂಡ್ರೆ ಡೋಸ್ ಇಲ್ಲಾ ಮಾತ್ರೆ ಬದಲಾಯಿಸ್ತಾರೆ. ದನಿ ಬಗ್ಗೆ ಹೇಳ್ದಾಗ "ಯಾರೂ ಇಲ್ಲ ಸುಮ್ನಿರೋ" ಅನ್ಬೇಡಿ, ಹೌದು ನಂಗೂ ಕೇಳ್ತು ಅಂತ ಸುಳ್ಳೂ ಬೇಡ. ನಂಗೆ ಕೇಳ್ತಿಲ್ಲ, ನಿಂಗೆ ಕೇಳ್ತಿದೆಯಲ್ಲ, ರಾತ್ರಿ ಜಾಸ್ತಿನಾ, ಭಯ ಆಗುತ್ತಾ ಅಂತ ಕೇಳಿ.

ಉತ್ತರ 2
ನಂಗೂ ಇದೇ ಕಾಯಿಲೆ. ನಾನು ನಂಬಿದ ಸಿಸ್ಟರ್ ಮೊದಲ ಮೂರು ಸಲ ಕಾಯಿಲೆ ಮಾತೇ ಎತ್ತಲಿಲ್ಲ, ಕುರ್ಚಿ ಎಳೆಯೋಕೆ ಮುಂಚೆ "ಕೂರ್ಲಾ" ಅಂತ ಕೇಳೋರು, ಎದುರಿಗಲ್ಲ ಪಕ್ಕಕ್ಕೆ ಕೂರೋರು, ಫೈಲಲ್ಲಿ ಬರೆದಿದ್ದನ್ನ ನಂಗೇ ಓದಿ ಹೇಳೋರು. ಬೇರೆ ಕಡೆ ಎಲ್ಲಾ ನಮ್ಮಣ್ಣನೇ ಮಾತಾಡೋನು, ಡಾಕ್ಟರೂ ಅವನ ಮುಖಾನೇ ನೋಡೋರು, ನಾನು ಪಕ್ಕದಲ್ಲಿ ಬ್ಯಾಗ್ ಇಟ್ಟಂಗೆ ಕೂತಿರ್ತಿದ್ದೆ. ದಯವಿಟ್ಟು ಅವನೊಬ್ನಿಗೇ ಐದು ನಿಮಿಷ ಬಿಡಿ.

ಉತ್ತರ 3
2017ರ ಮಾನಸಿಕ ಆರೋಗ್ಯ ಆರೈಕೆ ಕಾಯ್ದೇಲಿ ತನ್ನ ಪರ ಯಾರು ನಿಲ್ಬೇಕು ಅಂತ ಅವನೇ ಆರಿಸ್ಬಹುದು, ಮುಂದೆ ಹುಷಾರು ತಪ್ಪಿದ್ರೆ ಯಾವ ಚಿಕಿತ್ಸೆ ಬೇಕು ಯಾವ್ದು ಬೇಡ ಅಂತ ಈಗ್ಲೇ ಬರೆದಿಡ್ಬಹುದು. ಸ್ವಲ್ಪ ಸುಧಾರಿಸ್ಕೊಂಡ್ಮೇಲೆ ಅವನ ಜೊತೆ ಕೂತು ಇದನ್ನ ಮಾಡಿ. ಅಲ್ಲೀವರೆಗೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ಕನ್ನಡದಲ್ಲೇ ಮಾತಾಡ್ತಾರೆ, ದುಡ್ಡಿಲ್ಲ. ನೀರೂ ಬಿಟ್ರೆ, ಸಾಯೋ ಮಾತಾಡಿದ್ರೆ ಮಾತ್ರ ಮಂಗಳವಾರಕ್ಕೆ ಕಾಯ್ಬೇಡಿ, ತಕ್ಷಣ ಆಸ್ಪತ್ರೆಗೆ ಹೋಗಿ.

ಪ್ರಶ್ನೆ ಕೇಳಿದವರು
ಎಲ್ರಿಗೂ ಥ್ಯಾಂಕ್ಸ್. ನಿನ್ನೆ ಅಮ್ಮ ತಪ್ಪಾಯ್ತು ಮಗ ಅಂದ್ರು, ಅವನ ಎದುರಿಗೇ ಸಾರು ಹಾಕ್ಕೊಂಡು ಮೊದ್ಲು ತಾವು ತಿಂದ್ರು. ಅವನು ತಿನ್ನಲಿಲ್ಲ, ಆದ್ರೆ ಎದ್ದೂ ಹೋಗಲಿಲ್ಲ. ರಾತ್ರಿ ನನ್ನ ರೂಮಿನ ಬಾಗಿಲಲ್ಲಿ ನಿಂತು, ಮಂಗಳವಾರ ಬರ್ತೀನಿ, ನೀನು ಒಳಗೆ ಬರ್ಬೇಡ ಅಂದ. ಆಯ್ತಪ್ಪ, ಹೊರಗೆ ಬೆಂಚ್ ಮೇಲೆ ಕೂತಿರ್ತೀನಿ ಅಂದೆ.